ಹಲಗೆಯೊಳಗೆ ತನಾಸೆಯ ನೆರಳು

ಕೈ ಸಿಮೆಂಟಾದರೆ ಬಾಯಿ ಮೊಸರು. ಬಾಯಿ ಮಾತ್ರ ಸಾಹೇಬರದು. ಕಟ್ಟುಕಥೆಯಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಕಪ್ಪು ಸಮುದ್ರದ ನಮ್ಮ ಬಂದರಿನ ಹಳೆಯ ಕಟ್ಟೆ ದೊಡ್ಡ ಕಂಟೇನರ್ ಹಡಗುಗಳಿಗೆ ಸಾಲದಾಗಿತ್ತು. ಅಂಗಳದಲ್ಲೇ ಕಾಂಕ್ರೀಟ್ ಹಲಗೆ ಎರಕ ಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ನೀರಿನೊಳಗಿನ ಕಂಬಗಳ ಮೇಲೆ ಕೂರಿಸುತ್ತಿದ್ದೆವು. ಕ್ರೇನು ರೋಡಿಕಾಳ ಕೈಲಿ. ಹಲಗೆ ಇಳಿಯುವಾಗ ಕೆಳಗೆ ನಿಂತು ಅಂಚು ಹೊಂದಿಸುವವನು ತನಾಸೆ. ಕ್ರೇನಿನ ಉಕ್ಕಿನ ಹಗ್ಗವೋ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು.

"ಹಗ್ಗ ಬದ್ಲಾಯ್ಸಿ ಸಾಹೇಬ್ರೆ. ಕಿತ್ಕಂಡ್ರೆ ನಾನು ಮೆಕ್ಕೆಜೋಳದ ಮುದ್ದೆ ಆಗೋಯ್ತೀನಿ" ಎಂದ ತನಾಸೆ.

ಮೇಸ್ತ್ರಿ ಮುರೆಶಾನ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ. "ಮುದ್ದೆಗೆ ಉಪ್ಪು ಸಮುದ್ರದಾಗೇ ಐತೆ, ಬಿಡ್ಲೇ ಬೋಳಿಮಗ್ನೆ."

ಮುರೆಶಾನನ ಈ ದನಿಯನ್ನು ನಾನು ಅಣಕಿಸಿದರೆ ಅವನ ನಾಯಿಯೂ ನಂಬಿ ಬಾಲ ಅಲ್ಲಾಡಿಸುತ್ತದೆ.

ಆಮೇಲೆ ಅವನಿಗೊಂದು ತಮಾಷೆ ಹೊಳೆಯಿತು. ಕಟ್ಟಡ ನಿಲ್ಲಲೆಂದು ನಮ್ಮ ಹಳೆಯ ಗಾರೆಯವರು ಯಾರದಾದರೂ ನೆರಳನ್ನು ದಾರದಲ್ಲಿ ಅಳೆದು ತಳಪಾಯಕ್ಕೆ ಹಾಕುತ್ತಿದ್ದರು. ನೆರಳು ಕೊಟ್ಟವನು ಬಹಳ ದಿನ ಬಾಳುವುದಿಲ್ಲ. ತನಾಸೆ ಬಿಸಿಲಲ್ಲಿ ನಿಂತು ಬ್ರೆಡ್ಡಿಗೆ ಈರುಳ್ಳಿ ಕಡಿಯುತ್ತಿದ್ದಾಗ ಮುರೆಶಾನ್ ಹಿಂದಿನಿಂದ ಬಂದು ಅವನ ನೆರಳಿನುದ್ದಕ್ಕೂ ದಾರ ಹಿಡಿದ. ದಾರ ಕತ್ತರಿಸಿ ಹಸಿ ಕಾಂಕ್ರೀಟಿನೊಳಗೆ ಬೆರಳಿಂದ ಒತ್ತಿದ.

"ಇನ್ ಹಗ್ಗ ಯಾಕ್ಲೇ? ನಿನ್ ನೆರಳೇ ಹಿಡ್ಕಂತದೆ."

ನಾವೆಲ್ಲ ನಕ್ಕೆವು. ನಗದವರ ಹೆಸರು ಮುರೆಶಾನನಿಗೆ ನೆನಪಿರುತ್ತದೆ. ತನಾಸೆ ಶಿಲುಬೆ ಗುರುತು ಹಾಕಿಕೊಳ್ಳಲು ಹೋಗಿ ಬ್ರೆಡ್ಡನ್ನು ಮಣ್ಣಿಗೆ ಬೀಳಿಸಿದ.

ಹಲಗೆ ಗಟ್ಟಿಯಾಯಿತು. ಎತ್ತುವ ದಿನವೂ ಅದೇ ಹಗ್ಗ.

"ಇಳಿಯೋ ಕೆಳಗೆ" ಎಂದ ಮುರೆಶಾನ್.

"ಹೆಂಡ್ತಿ ಬಸ್ರಿ, ಸಾಹೇಬ್ರೆ."

"ನಾನಾ ಮಾಡಿದ್ದು? ಗೇಟ್ ಹೊರಗೆ ನೇಪಾಳದೋರು ಕೆಲ್ಸ ಕೇಳ್ಕಂಡು ನಿಂತವ್ರೆ. ನಿನ್ನವ್ವನ್, ಇಳೀತೀಯೋ, ಮನೆಗೋಯ್ತೀಯೋ?"

ತನಾಸೆ ಹೆಲ್ಮೆಟ್ ಕಳಚಿಟ್ಟ. ಕೆಳಗಿಳಿಯಲಿಲ್ಲ. ಹಲಗೆ ಹತ್ತಿ, ಕೊಕ್ಕೆಗಳ ನಡುವೆ ಅಂಗಾತ ಮಲಗಿದ.

"ನನ್ ನೆರಳು ಇದ್ರಾಗೈತೆ. ಅದೊಂದನ್ನೇ ಹೆಂಗ್ ಕಳಿಸ್ಲಿ? ಎತ್ತು ರೋಡಿಕಕ್ಕ. ಸಾಹೇಬ್ರು ಕೆಳಗೆ ನಿಂತು ಅಂಚು ಹೊಂದಿಸ್ತಾರೆ."

ರೋಡಿಕಾ ಕ್ರೇನಿನ ಹಿಡಿಯಿಂದ ಕೈ ತೆಗೆದು ತೊಡೆಯ ಕೆಳಗಿಟ್ಟುಕೊಂಡಳು. ಮುರೆಶಾನ್ ಬೈದ. "ಎಳೀರೋ ಅವನ್ನ" ಎಂದು ನಮ್ಮತ್ತ ಕೂಗಿದ. ಯಾರೂ ಕದಲಲಿಲ್ಲ. ಅವನು ಫೋನು ತೆಗೆದ. ಸ್ವಲ್ಪ ಹೊತ್ತಿಗೆ ಗೇಟು ತೆರೆಯಿತು, ಹೊಸ ಹೆಲ್ಮೆಟ್ಟು ತೊಟ್ಟ ನೇಪಾಳದವರ ಸಾಲು ಒಳಬಂತು. ಸಾಲು ಹಗ್ಗವನ್ನು ನೋಡಿತು, ಹಲಗೆಯ ಮೇಲಿದ್ದ ಮನುಷ್ಯನನ್ನು ನೋಡಿತು, ಅಲ್ಲೇ ನಿಂತಿತು.

"ನೀವೇ ಇಳೀರಿ ಸಾಹೇಬ್ರೆ" ಎಂದು ಯಾರೋ ಅಂದರು, ಥೇಟ್ ಮುರೆಶಾನನದೇ ದನಿಯಲ್ಲಿ. ನಗು ಹಬ್ಬಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ತನಾಸೆ. ಕಣ್ಣೀರು ಎರಡೂ ಕಿವಿಗೆ ಇಳಿಯುತ್ತಿತ್ತು.