ಕಂಬದ ಮೇಲಿನ ಕಪ್ಪು ತಾಯಿ

ಅಮ್ಮನನ್ನು ಬೆಳಗ್ಗೆಯೆಲ್ಲ ಹೊಳೆದಂಡೆಯಲ್ಲೇ ಸುತ್ತಾಡಿಸಿದೆ. ಹಳೆಯ ಸೇತುವೆ ತೋರಿಸಿದೆ, ಹಿಂದಿನವರು ಬಟ್ಟೆ ಒಗೆಯುತ್ತಿದ್ದ ಕಟ್ಟೆಗಳನ್ನು ತೋರಿಸಿದೆ, ಕೊನೆಗೆ ಬಾತುಕೋಳಿಗಳನ್ನೂ ಬಿಡಲಿಲ್ಲ. ಆದರೆ ಫ್ರಾನ್ಸಿನ ನಮ್ಮ ಈ ಶಾರ್ತ್ರ್ ಊರಿನಲ್ಲಿ ಎಲ್ಲಿ ನಿಂತು ತಲೆಯೆತ್ತಿದರೂ ಕ್ಯಾಥೆಡ್ರಲ್ಲಿನ ಎರಡು ಗೋಪುರ ಕಾಣುತ್ತವೆ. ಹಾಳಾದ್ದನ್ನು ಎಲ್ಲಿ ಬಚ್ಚಿಡಲಿ?

"ಒಗೆಯೋ ಕಟ್ಟೆ ನನಗೇನು ತೋರಿಸ್ತೀಯೇ ಮಿರೆತ್? ಈ ಊರಿನ ಆಸ್ಪತ್ರೆ ಬಟ್ಟೆಯೆಲ್ಲ ಒಗೆದು ಸೊಂಟ ಬೀಳಿಸಿಕೊಂಡವಳು ನಾನು. ನಡಿ, ಅವಳನ್ನ ನೋಡ್ಬೇಕು."

ಅವಳು ಎಂದರೆ ಕ್ಯಾಥೆಡ್ರಲ್ಲಿನೊಳಗೆ ಕಂಬದ ಮೇಲೆ ಮಗುವನ್ನೆತ್ತಿಕೊಂಡಿರುವ ಮೇರಿಮಾತೆ. ಅಮ್ಮ ಹರೆಯದಲ್ಲಿ ಕೆರಿಬಿಯನ್ ಕಡಲಿನ ಮಾರ್ತಿನಿಕ್ ದ್ವೀಪದಿಂದ ಇಲ್ಲಿಗೆ ದುಡಿಯಲು ಬಂದಾಗ ಊರಿಗೆ ಊರೇ ಬಿಳಿ, ಅಮ್ಮನ ಹಾಗೆ ಈ ತಾಯಿಯೊಬ್ಬಳೇ ಕಪ್ಪು. ಭಾನುವಾರ ಬಂತೆಂದರೆ ಕಂಬಕ್ಕೆ ಮುತ್ತಿಟ್ಟು, ಊರಿನವರ ಮೇಲಿನ ದೂರನ್ನೆಲ್ಲ ಅವಳ ಮುಂದೆ ತೋಡಿಕೊಳ್ಳುತ್ತಿದ್ದಳು. ನಿವೃತ್ತಿಯಾಗಿ ದ್ವೀಪಕ್ಕೆ ಮರಳಿದವಳು ಮತ್ತೆ ಬಂದಿರುವುದು ಈಗಲೇ. ಕಣ್ಣಿನ ನರ ಒಣಗುತ್ತಿದೆಯಂತೆ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಆ ಮುಖವನ್ನೊಮ್ಮೆ ಕಣ್ತುಂಬ ನೋಡಬೇಕೆಂದು ಇಷ್ಟು ದೂರ ಬಂದಿದ್ದಾಳೆ.

ಆದರೆ ಆ ಮುಖ ಈಗಿಲ್ಲ. ಕ್ಯಾಥೆಡ್ರಲ್ಲನ್ನು ದುರಸ್ತಿ ಮಾಡಿದವರು ತಾಯಿಯನ್ನೂ ತೊಳೆದು ಬಣ್ಣ ಹಚ್ಚಿದರು. ಮೂಲದಲ್ಲಿ ಹೀಗೇ ಇದ್ದಳು ಎಂದರು. ಈಗ ಅವಳು ಬೆಳ್ಳಗೆ, ಕೆನ್ನೆ ಗುಲಾಬಿ. ಫೋನಿನಲ್ಲಿ ಇದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಎದುರಿಗೆ ಬಂದ ಮೇಲಂತೂ ಇನ್ನೂ ಕಷ್ಟವಾಯಿತು.

"ಊಟ ಮಾಡ್ಕೊಂಡು ಹೋಗೋಣಮ್ಮ."

"ಉಪ್ಪಿಲ್ಲ ಖಾರವಿಲ್ಲ, ಈ ಊರಿನ ಊಟಕ್ಕೇನು ಅವಸರ? ಕಾಲೆಳೀತಿದ್ದೀಯಲ್ಲೇ, ಮುದುಕಿ ನೀನೋ ನಾನೋ?"

ನನ್ನನ್ನೇ ಎಳೆದುಕೊಂಡು ಒಳಗೆ ಹೋದಳು. ದಾರಿ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಣದಬತ್ತಿ ಹಚ್ಚಿ ತಲೆಯೆತ್ತಿದಳು. ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡು ನೋಡಿ, ಮತ್ತೆ ಒರೆಸಿದಳು.

"ಮಿರೆತ್, ಬೆಳ್ಳಗೆ ಕಾಣ್ತಾಳಲ್ಲೇ." ದನಿ ಉಡುಗಿತ್ತು. "ಬಣ್ಣ ಹೋಗೇಬಿಡ್ತು. ಡಾಕ್ಟರು ಹೇಳಿದ್ದು ಇಷ್ಟು ಬೇಗ ಬಂತಲ್ಲೇ!"

ಅಯ್ಯೋ ದೇವರೇ, ಇದು ನನಗೆ ಹೊಳೆದೇ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ. ನಿನ್ನ ಕಣ್ಣು ಸರಿಯಿದೆ ಎಂದರೆ ಅವಳ ತಾಯಿ ಹೋಗುತ್ತಾಳೆ. ತಾಯಿ ಹಾಗೇ ಇದ್ದಾಳೆ ಎಂದರೆ ಕಣ್ಣು ಹೋಗುತ್ತದೆ.

"ನೀನೇ ನೋಡಿ ಹೇಳು ಕಂದಾ. ಹೇಗಿದ್ದಾಳೆ?"

"ಕಪ್ಪಗೇ ಇದ್ದಾಳಮ್ಮ." ಬಾಯಿ ತಾನಾಗಿ ಅಂದುಬಿಟ್ಟಿತು. "ನಿನ್ನ ಹಾಗೇ."

"ಸದ್ಯ! ನನ್ನ ಕಣ್ಣು ಹೋದ್ರೆ ಹೋಗ್ಲಿ ಬಿಡು. ಅವಳಿದ್ದಾಳಲ್ಲ, ಸಾಕು."

ಕಂಬಕ್ಕೆ ಮುತ್ತಿಟ್ಟು, ಕನ್ನಡಕ ಮಡಚಿ ನನ್ನ ಕೈಗಿತ್ತಳು. ಇನ್ನಿದು ಯಾಕೆ ಎಂದಳು.

ಹೊರಗೆ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಅಮ್ಮ ನನ್ನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಳು.

"ಏನಮ್ಮ ಇದು? ಕಣ್ಣು ಬಿಡು, ಮೆಟ್ಟಿಲಿದೆ."

"ಇರ್ಲಿ ಕಣೇ. ಈಗಿಂದಲೇ ಅಭ್ಯಾಸ ಆಗ್ಲಿ."

ನಿಜ ಹೇಳೋಣವೆಂದು ಬಾಯಿ ತೆರೆದೆ. ಅವಳ ಮುಖದಲ್ಲಿ ನಗು ಇತ್ತು. ಬಾಯಿ ಮುಚ್ಚಿಕೊಂಡೆ. ಕಾಲಿನಿಂದ ಮೆಟ್ಟಿಲು ತಡವುತ್ತ ಅಮ್ಮ ಇಳಿದಳು.

"ದಮ್ಮಯ್ಯ, ಕಣ್ಣು ಬಿಡಮ್ಮ," ಎಂದೆ. ಅವಳು ಬಿಡಲಿಲ್ಲ.