ಚಂದ್ರಿಯ ಗದ್ದ

ಗೋವೆಯ ವಾಳಪೈನ ಆ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಆಕಳು, ಚಂದ್ರಿ. ಯಜಮಾನ ನಾನಪ್ಪ ಅದನ್ನು ಸುಂದರವ್ವನಿಗೆ ಪಾಲಿಗೆ ಸಾಕಲು ಕೊಟ್ಟಿದ್ದ. ಹುಟ್ಟುವ ಮೊದಲ ಕರು ಸಾಕಿದವಳದ್ದು ಎಂದು ಮಾತಾಗಿತ್ತು. ವಿಜಯಪುರದ ಕಡೆಯಿಂದ ಬಂದು, ಹತ್ತಾರು ಕಟ್ಟಡಗಳಿಗೆ ಗಾರೆ ಹೊತ್ತವಳಿಗೆ ತನ್ನದೆನ್ನುವ ಒಂದು ಕರುವಿನ ಆಸೆ ಸಣ್ಣದೇನಲ್ಲ. ಆದರೆ ಚಂದ್ರಿ ಬೆದೆಗೇ ಬರುತ್ತಿರಲಿಲ್ಲ. ಕೂಗುವುದಿಲ್ಲ, ಹಗ್ಗ ಜಗ್ಗುವುದಿಲ್ಲ. ಈ ಮಳೆಗಾಲದೊಳಗೆ ಗಬ್ಬವಾಗದಿದ್ದರೆ ಮಾರುತ್ತೇನೆಂದು ನಾನಪ್ಪ ಕಡ್ಡಿ ತುಂಡು ಮಾಡಿದಂತೆ ಹೇಳಿ ಹೋಗಿದ್ದ.

ಅದಕ್ಕೇ ಅವಳು ದನದ ಡಾಕ್ಟರ್ ಅಸ್ಮಾಳನ್ನು ಕರೆಸಿದಳು. ಬೆಳಗಾವಿಯ ಹುಡುಗಿ, ಸ್ಕ್ಯಾನ್ ಯಂತ್ರ ಹಿಡಿದು ಬಂದಳು. ಪರದೆಯ ಮೇಲೆ ಕಪ್ಪು ಗುಳ್ಳೆಗಳು ಕಂಡವು. ಸುಂದರವ್ವ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

“ಇವೇನ್ರಿ ಡಾಕ್ಟರವ್ವ?”

“ಒಂದೊಂದು ಗುಳ್ಳ್ಯಾಗ ಒಂದೊಂದು ತತ್ತಿ ಇರ್ತೈತಿ ಕಾಕು. ಎಲ್ಲಾ ಕೂಡೇ ಬೆಳ್ಯಾಕ ಸುರು ಮಾಡ್ತಾವು. ಒಂದು ಮುಂದ ಹೋಗಿ ರಕ್ತದಾಗ ಮಿದುಳಿಗೆ ಸುದ್ದಿ ಕಳಸ್ತೈತಿ. ಆಗ ಮಿದುಳು, ಗುಳ್ಳಿ ಬೆಳಸೋ ರಸ ಕಡಿಮಿ ಮಾಡ್ತೈತಿ, ಉಳಿದವು ಬಾಡ್ತಾವು.”

“ಮತ್ತ ಆ ಒಂದು ಯಾಕ ಬಾಡಂಗಿಲ್ಲ?”

“ಅದು ಅಷ್ಟರಾಗ ಇನ್ನೊಂದು ರಸ ತಗೊಳ್ಳಾಕ ಹೊಸಾ ಬಾಗಲಾ ಮಾಡ್ಕೊಂಡಿರ್ತೈತಿ. ಬಾಗಲಾ ಮಾಡೋ ವಿದ್ಯೆ ಎಲ್ಲಾದರಾಗೂ ಪುಸ್ತಕದಾಗ ಬರೆದಿಟ್ಟಂಗ ಇರ್ತೈತಿ. ಇದು ಆ ಪುಟ ತೆರೀತೈತಿ, ಉಳಿದವು ತೆರ್ಯಂಗಿಲ್ಲ.”

“ತೆರೀ ಅಂತ ಅದಕ್ಕ ಯಾರು ಹೇಳಿದ್ರು?”

ಅಸ್ಮಾ ನಕ್ಕಳು. “ಅದು ಪೂರ್ತಿ ನಮಗೂ ಗೊತ್ತಿಲ್ಲ. ಹುಡುಕಾಕತ್ತೇವಿ.”

ಓದಿದವರಿಗೂ ಗೊತ್ತಿಲ್ಲದ ಪ್ರಶ್ನೆ ತನ್ನ ಬಾಯಿಂದ ಬಂತಲ್ಲ ಎಂದು ಸುಂದರವ್ವ ಒಳಗೊಳಗೇ ಹಿಗ್ಗಿದಳು.

ಅಸ್ಮಾ ಮತ್ತೆ ಪರದೆ ನೋಡಿದಳು. ಹಿಂದೊಮ್ಮೆ ತತ್ತಿ ಬಿಟ್ಟ ಗುರುತು ಅಲ್ಲಿ ಕರಗುತ್ತಿತ್ತು. “ಇದು ಬೆದಿಗೆ ಬರಾಕತ್ತೈತಿ, ನಿಮಗ ತಿಳಿದಿಲ್ಲ. ಒಮ್ಮೊಮ್ಮೆ ಏನರ ಬ್ಯಾರೆ ಥರಾ ಮಾಡ್ತೈತೇನು?”

“ಏನಿಲ್ಲರಿ. ನನ್ನ ಮ್ಯಾಲೆ ಜೀವ ಭಾಳ. ಒಂದೊಂದು ದಿನ ಮೇವು ಕತ್ತರಸಾಕ ಕುಂತ್ರ ಬೆನ್ನ ಮ್ಯಾಲೆ ಗದ್ದ ಇಟ್ಟು ನಿಂತಬಿಡ್ತೈತಿ.” ಓಣಿಯವರೆದುರು ಎಷ್ಟೋ ಸಲ ಕೊಚ್ಚಿಕೊಂಡ ಮಾತು ಅದು.

“ಅದ ಬೆದಿ ಕಾಕು,” ಎಂದಳು ಅಸ್ಮಾ ಮೆಲ್ಲಗೆ. “ಗುಳ್ಳಿ ದೊಡ್ಡದಾದಾಗ ಅದರ ರಸ ರಕ್ತಕ್ಕ ಇಳದು ಹಂಗ ಮಾಡಸ್ತೈತಿ. ಇನ್ನೊಂದು ಆಕಳ ಇದ್ದಿದ್ರ ಅದರ ಬೆನ್ನಿಗೆ ಇಡ್ತಿತ್ತು. ಇಲ್ಲಿರೋದು ನೀವೊಬ್ರ.”

ಸುಂದರವ್ವನ ಮುಖ ಸಪ್ಪಗಾಯಿತು. ಊರು ಬಿಟ್ಟ ಮೇಲೆ ತನಗೆ ಒರಗಿದ ಜೀವ ಅದೊಂದೇ ಎಂದುಕೊಂಡಿದ್ದಳು. ಪಾಪ, ಮೂಕಪ್ರಾಣಿ ತನಗೆ ತಿಳಿದಂತೆ ಹೇಳುತ್ತಲೇ ಇತ್ತು, ತಾನೇ ಮುದ್ದೆಂದು ತಿಳಿದು ಕೂತೆ ಎನಿಸಿ ತನ್ನ ಮೇಲೇ ಸಿಟ್ಟು ಬಂತು.

ಅದೇ ವಾರ ಗದ್ದ ಬೆನ್ನಿಗೆ ತಾಗಿದ್ದೇ ತಡ, ಫೋನ್ ಮಾಡಿದಳು. ಅಸ್ಮಾ ಬಂದು ಬೀಜ ಹಾಕಿದಳು. “ಮೂರು ವಾರಕ್ಕ ಮತ್ತ ಗದ್ದ ಇಟ್ರ, ಗಬ್ಬ ನಿಂತಿಲ್ಲ ಅಂತ ತಿಳ್ಕೋರಿ. ಇಡಲಿಲ್ಲಂದ್ರ ಸ್ಕ್ಯಾನ್ ಮಾಡಿ ನೋಡೋಣು.”

ಆ ದಿನಗಳು ಬಂದವು. ಸುಂದರವ್ವ ಚಂದ್ರಿಗೆ ಬೆನ್ನು ಮಾಡಿ ಕೂತು ಮೇವು ಕತ್ತರಿಸಿದಳು. ಇಡಬೇಡ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸಂಜೆ ಬಿಸಿಯುಸಿರು ಕುತ್ತಿಗೆಗೆ ತಾಗಿದಾಗ ಕತ್ತರಿಸುವುದನ್ನು ನಿಲ್ಲಿಸಿದಳು. ಚಂದ್ರಿ ಅವಳ ಭುಜದ ಪಕ್ಕದಿಂದ ಕತ್ತು ಚಾಚಿ, ಒಂದು ಬಾಯಿ ಹುಲ್ಲು ಎಳೆದುಕೊಂಡು ಹಿಂದೆ ಸರಿಯಿತು.

ಮುಂದೆ ಸ್ಕ್ಯಾನಿನ ಪರದೆಯಲ್ಲಿ ಪುಟ್ಟದೊಂದು ಮಿಣುಕು ಬಡಿದುಕೊಳ್ಳುತ್ತಿರುವುದನ್ನು ಅಸ್ಮಾ ತೋರಿಸಿದಳು. ಸುಂದರವ್ವ ಖುಷಿಗೆ ಅತ್ತಳು. ಆ ಸಂಜೆ ಮೇವು ಕತ್ತರಿಸಲು ಕೂತಾಗ, ಬೆನ್ನು ಖಾಲಿ ಎಂದು ಇನ್ನೂ ಸ್ವಲ್ಪ ಅತ್ತಳು.