ಎಳೆ ತಿರುಗುವ ಜಾಗ

ಗಾಜಿನ ಮೇಲೆ ಧೂಳು, ಬೆರಳಿಟ್ಟರೆ ಚಿಟಿಚಿಟಿ, ಕೈಮೇಲಿನ ಕೂದಲು ತಾನಾಗಿ ಎದ್ದು ನಿಲ್ಲುತ್ತದೆ — ಮರಳುಗಾಡಿನ ಒಣಗಾಳಿ ಹರ್ಮಟಾನ್ ಬೀಸತೊಡಗಿ ಎಂಟು ದಿನ, ಶನಿವಾರ ಬೆಳಗಿನ ಒಂಬತ್ತಾದರೂ ನೇಕಾರರ ಊರು ಬೊನ್ವಿರೆಯ ಮೇಲೆ ಸೂರ್ಯ ಗಂಜಿಯಲ್ಲಿ ಬಿದ್ದ ಬೆಲ್ಲದ ಚೂರಿನಂತೆ ಮಂಕು, ತುಟಿ ಒಡೆದು ಉಪ್ಪುಪ್ಪು, ಮಗ್ಗದ ಮೇಲೂ ಇಷ್ಟೇ ಧೂಳು ಕೂತಿರಬಹುದು, ಕೂರಲಿ, ಇವತ್ತು ಆಂಪೊನ್ಸಾ ನೇಯುವುದಿಲ್ಲ, ಇವತ್ತು ನೋಡುತ್ತಾನೆ, ಐವತ್ತಾರು ವರ್ಷದಿಂದ ನೋಡಬೇಕೆಂದಿದ್ದನ್ನು. ಟಿವಿಗೆ ಹೊದಿಸಿದ್ದ ಕ್ರೋಷಾ ಬಟ್ಟೆಯನ್ನು ಮಡಿಸಿ, ಕೂಸನ್ನೆತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ನಿಂತಿದ್ದಾನೆ, ಹೆಂಡತಿ ಪೊಕುವಾ ಆಗಲೇ ಹೇಳಿಯಾಗಿದೆ, ಅದು ನೆಲಕ್ಕೆ ಬಿದ್ರೆ ನೀವೂ ಬೀಳ್ತೀರಿ. ಟಿವಿ ಅವಳದು, ಹತ್ತು ಗಂಟೆಗೆ ಅವಳ ಧಾರಾವಾಹಿ, ಇವತ್ತು ಆ ಸೊಸೆ ಅತ್ತೆಗೆ ಎದುರುತ್ತರ ಕೊಡುವ ದಿನವಂತೆ, ಅದಕ್ಕೆ ಬಟ್ಟಲಲ್ಲಿ ಕಡಲೆಕಾಯಿ ಹುರಿದಿಟ್ಟುಕೊಂಡು ಕುರ್ಚಿ ಬಿಟ್ಟು ಏಳದೆ ಕಾಯುತ್ತಿದ್ದಾಳೆ. ಮೊಮ್ಮಗಳು ಸೆರ್ವಾ ನೆಲದ ಮೇಲೆ ಮಂಡಿಯೂರಿ ಟಿವಿಯ ಬೆನ್ನ ಹಿಂದೆ ತಲೆ ತೂರಿಸಿದ್ದಾಳೆ, ಕುಮಾಸಿ ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು, ತನ್ನ ಮನೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ಅಕ್ಕಿಚೀಲದಲ್ಲಿ ಸುತ್ತಿ, ಟ್ರೋಟ್ರೋ ವ್ಯಾನಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದವಳು, ಪರದೆ ಎಲ್ಲಿ ಅಂದರೆ ಪರದೆ ಯಾಕಜ್ಜ, ಅಜ್ಜಿ ಟಿವಿ ಇದೆಯಲ್ಲ, ಬಾಗಿಲಿನಷ್ಟಿದೆ. ಒಂದು ಕಪ್ಪು ತಂತಿ, ಎರಡೂ ತುದಿಗೆ ಒಂದೇ ತರದ ಚಪ್ಪಟೆ ಬಾಯಿ, ಒಂದು ಪೆಟ್ಟಿಗೆಗೆ, ಒಂದು ಟಿವಿಯ ಬೆನ್ನಿಗೆ — ಅಷ್ಟೇನಾ, ಅಷ್ಟೇ ಅಜ್ಜ, ಮಗ್ಗಕ್ಕೆ ಹಾಸಿನ ಉದ್ದೆಳೆ ಕಟ್ಟೋದಕ್ಕೆ ನಿಮಗೆ ಮೂರು ದಿನ ಬೇಕು, ನಂಗೆ ಇಷ್ಟು ಸಾಕು.

ಸಾಕು, ಆದರೆ ಮಾವನಿಗೆ ಮೂರು ದಿನವೂ ಸಾಲುತ್ತಿರಲಿಲ್ಲ, ಮಗ್ಗ ಕಲಿಸಿದ ಸೋದರಮಾವ, ಅವನ ಕೈಯ ಬಟ್ಟೆಗೆ ನಗುವವನ ಬಾಗಿಲು ಎಂದು ಹೆಸರು, ಅರಸನ ಮನೆಯವರು ಬಂದು ಕೇಳುತ್ತಿದ್ದರು, ನಡುವಿನ ಚಿತ್ತಾರವೆಲ್ಲ ಆಂಪೊನ್ಸಾನ ಕೈಗೆ ಈಗಲೂ ಬಾಯಿಪಾಠ, ಅಂಚೊಂದು ಗೊತ್ತಿಲ್ಲ, ಅಂಚು ಕಲಿಯುವ ಮೊದಲೇ ಮುನಿಸಿಕೊಂಡು ಊರು ಬಿಟ್ಟ, ಒಂಬತ್ತು ವರ್ಷ ಬಿಟ್ಟು ಬಂದಾಗ ಮಾವ ಮಣ್ಣಾಗಿದ್ದ, ಬಟ್ಟೆಯೂ ಅವನ ಜೊತೆ ಮಣ್ಣಿಗೆ ಹೋಗಿತ್ತು. ಅಂಚಿಲ್ಲದ ಬಟ್ಟೆಗೆ ಆ ಹೆಸರಿಡಲು ಬಾಯಿ ಬರುವುದಿಲ್ಲ, ತಾನು ಹೋದರೆ ಹೆಸರೂ ಹೋಗುತ್ತದೆ. ಹೋದ ತಿಂಗಳು ಸೆರ್ವಾಗೆ ಶಾಲೆಯ ಹಳೆಯ ಕಾಗದಪತ್ರಗಳ ನಡುವೆ ಒಂದು ಫೋಟೋ ಸಿಕ್ಕಿತು, ಯಾರೋ ದಾರಿಹೋಕ ತೆಗೆದದ್ದು, ಮಾವನ ಮಗ್ಗದ ಮೇಲೆ ಅದೇ ಬಟ್ಟೆಯ ಒಂದು ಪಟ್ಟಿ, ಹಿಂದೆ ಬರೆದ ಇಸವಿ ಲೆಕ್ಕ ಹಾಕಿದರೆ ಅವನು ಓಡಿಹೋಗಿ ಆರು ವರ್ಷ ಕಳೆದ ಮೇಲಿನದು. ಫೋನಿನಲ್ಲಿ ತೋರಿಸಿದಳು, ಎಳೆಗಳೆಲ್ಲ ಇರುವೆಸಾಲು, ಅವನ ಕಣ್ಣಿಗೆ ನಿಲ್ಲಲಿಲ್ಲ, ಅದಕ್ಕೇ ಇವತ್ತು ಈ ಟಿವಿ.

ಪರದೆ ನೀಲಿ, ಕಪ್ಪು, ಮತ್ತೆ ನೀಲಿ — ಬಂತು, ಬಂತು, ಗೋಡೆ ತುಂಬ ಮಾವನ ಬಟ್ಟೆ, ಒಂದೊಂದು ಎಳೆಯೂ ಸೇದುವ ಹಗ್ಗದಷ್ಟು ದಪ್ಪ, ಎಳೆಯ ಮೈಮೇಲಿನ ನವಿರು ಕೂಡ, ಆಂಪೊನ್ಸಾಗೆ ನಗು ಬರುತ್ತದೆ, ಹಲ್ಲಿಲ್ಲದ ಬಾಯಿ ತೆರೆದೇ ಇರುತ್ತದೆ, ಎಣಿಸುತ್ತಾನೆ, ಬೆರಳಲ್ಲಲ್ಲ ನಾಲಿಗೆಯಲ್ಲಿ, ಹಳದಿ ಹನ್ನೆರಡು, ಕೆಂಪು ಆರು, ಕಪ್ಪು ನಾಲ್ಕು, ಆಮೇಲೆ ಟಿವಿಯ ಚೌಕಟ್ಟು. ಇಷ್ಟೇನಾ. ಚಿತ್ರ ಇಷ್ಟೇ ಅಜ್ಜ, ಪೂರ್ತಿ ಇದೆ ಅನ್ನುತ್ತಾಳೆ ಸೆರ್ವಾ. ಗಂಟೆ ಹತ್ತಕ್ಕೆ ಹತ್ತು ನಿಮಿಷ ಅನ್ನುತ್ತಾಳೆ ಪೊಕುವಾ. ಇಲ್ಲ, ನಾಲ್ಕಕ್ಕೆ ನಿಲ್ಲುವವನಲ್ಲ ಮಾವ, ಅದಲ್ಲದೆ — ಅವನು ಪರದೆಗೆ ಮೂಗು ತಾಗುವಷ್ಟು ಬಾಗುತ್ತಾನೆ — ಹೊಕ್ಕಿನ ಅಡ್ಡೆಳೆ ಎಲ್ಲಿ ತಿರುಗಿದೆ ತೋರ್ಸು ಮಗಳೇ, ಅತ್ತ ಹೋದ ಎಳೆ ಇತ್ತ ಬರಬೇಕಲ್ಲ, ತಿರುಗುವ ಜಾಗ ಇಲ್ಲದ ಮೇಲೆ ಇದು ಅಂಚಲ್ಲ, ಬಟ್ಟೆ ಇನ್ನೂ ಇದೆ, ನಿನ್ನಜ್ಜಿ ಟಿವಿ ನುಂಗಿದೆ. ನನ್ನ ಟಿವಿ ಯಾರದ್ದೂ ನುಂಗಿಲ್ಲ, ಅನ್ನುತ್ತಾಳೆ ಪೊಕುವಾ. ಸೆರ್ವಾ ಪರದೆಯ ಕೆಳತುದಿ ನೋಡುತ್ತಾಳೆ, ಅಲ್ಲಿ ಕಾಣಬೇಕಾದ ಕಂಪ್ಯೂಟರಿನ ಗುಂಡಿಚಿತ್ರಗಳ ಸಾಲು ಅರ್ಧ ಚೌಕಟ್ಟಿನಡಿಗೆ ಹೋಗಿದೆ, ತಲೆಗೆ ಕೈ ಹೊಡೆದುಕೊಂಡು ನಗುತ್ತಾಳೆ, ಟಿವಿಯವರು ನಾಲ್ಕೂ ಬದಿಗೆ ಒಂದಿಷ್ಟು ಕತ್ತರಿಸಿ ತೋರಿಸ್ತಾರೆ ಅಜ್ಜ, ಸಿನಿಮಾಕ್ಕೆ ಅದು ಗೊತ್ತಾಗಲ್ಲ, ಎಷ್ಟು ಜನರ ಮನೇಲಿ ಜೋಡಿಸಿದೀನಿ, ಯಾರೂ ಕೇಳಿರಲಿಲ್ಲ. ರಿಮೋಟ್ ಹಿಡಿದು ಚಿತ್ರದ ಅಳತೆ ಹುಡುಕುತ್ತಾಳೆ, ಒಂದು ಒತ್ತು, ಇನ್ನೊಂದು ಒತ್ತು, ಚಿತ್ರ ಉಸಿರು ಬಿಟ್ಟ ಹಾಗೆ ಒಳಗೆ ಸರಿಯುತ್ತದೆ, ಎರಡು ಬೆರಳಗಲ.

ಕಪ್ಪು ಐದು, ಆರು, ಏಳು, ಹಸಿರು. ಹಸಿರು? ಮತ್ತೆ ಕಪ್ಪು, ಆಮೇಲೆ ಎಳೆ ತಿರುಗುತ್ತದೆ. ಕಪ್ಪಿನ ನಡುವೆ ಒಂಟಿ ಹಸಿರು — ಅವನು ಚಾಪೆಯ ಮೇಲೆ ಕೂರುತ್ತಾನೆ, ಮಾವ ಮೊದಲ ಸಲ ಅಂಚಿನ ಹಾಸು ಹಾಕಲು ಬಿಟ್ಟ ದಿನ, ಬುಧವಾರ, ಬೀದಿಯಲ್ಲಿ ಗೆಣಸಿನ ಬುಟ್ಟಿ ಹೊತ್ತ ಹುಡುಗಿ, ಕಣ್ಣು ಅತ್ತ ಹೋಯಿತು, ಕೈ ಕಪ್ಪು ಬಿಟ್ಟು ಹಸಿರು ನೂಲಿನ ಉಂಡೆಗೆ ಹೋಯಿತು, ಎಲ್ಲ ನೇಕಾರರ ಎದುರು ಮಾವ ಬೈದ, ಕಣ್ಣಿಲ್ಲದವನಿಗೆ ಮಗ್ಗ ಯಾಕೆ, ಅದೇ ಸಂಜೆ ಇವನು ಗಂಟುಮೂಟೆ ಕಟ್ಟಿ ಊರು ಬಿಟ್ಟ. ಆ ಹಾಸು ಆರು ವರ್ಷ ಬಾಳುವುದಿಲ್ಲ, ಎಷ್ಟೋ ಹೊಸ ಹಾಸು ಹಾಕಿರಬೇಕು, ಹಾಕಿದಾಗಲೆಲ್ಲ ಮಾವ ಎಂಟನೆಯ ಎಳೆಗೆ ಕೈ ಚಾಚಿ, ಬೇಕೆಂದೇ — ಅದ್ಯಾಕ್ರೀ ಆ ಹಸಿರು ಅಲ್ಲಿ ಕೂತಿದೆ, ಪೊಕುವಾ ಕೇಳುತ್ತಾಳೆ, ಹತ್ತು ಹೊಡೆದದ್ದು ಅವಳಿಗೆ ತಿಳಿದಿಲ್ಲ. ನೀನು ಗೆಣಸು ಮಾರ್ಕೊಂಡು ಹೋಗ್ತಿದ್ದೆಯಲ್ಲ, ಅದಕ್ಕೆ. ಅವಳು ನೋಡಿದಳು, ಬಟ್ಟಲು ಕೆಳಗಿಟ್ಟಳು, ಸೊಸೆ ನಾಳೆ ಉತ್ತರ ಕೊಡ್ಲಿ ಬಿಡಿ, ಇನ್ನೊಂದ್ಸಲ ಎಣಿಸಿ, ನಾನೂ ಎಣಿಸ್ತೀನಿ. ಇಬ್ಬರೂ ಎಣಿಸಿದರು, ಸೆರ್ವಾ ಬರೆದುಕೊಂಡಳು, ಮೂವರ ಲೆಕ್ಕಕ್ಕೂ ಹಸಿರು ಎಂಟನೆಯದೇ.

ಭಾನುವಾರ ಚರ್ಚು ಮುಗಿದ ಮೇಲೆ ಸೆರ್ವಾ ಪೆಟ್ಟಿಗೆಯನ್ನು ಅಕ್ಕಿಚೀಲದಲ್ಲಿ ಸುತ್ತಿಕೊಂಡು ಹೊರಟಳು, ವ್ಯಾನು ಧೂಳೆಬ್ಬಿಸಿ ತಿರುವು ದಾಟಿತು, ಒಳಗೆ ಪೊಕುವಾಳ ಟಿವಿಯಲ್ಲಿ ಯಾರೋ ಅಳುತ್ತಿದ್ದಾರೆ, ಅಂಗಳದಲ್ಲಿ ಆಂಪೊನ್ಸಾ ಹಾಸು ಎಳೆಯುತ್ತಾನೆ, ಕಪ್ಪು, ಕಪ್ಪು, ಮಾವನ ಕೈ ಕಾಣುತ್ತದೆ, ಮುಖವಲ್ಲ, ಕೈ, ಏಳು ಕಪ್ಪಾದ ಮೇಲೆ ಒಂದು ಗಳಿಗೆ ತಡೆದು, ಪಕ್ಕದ ಉಂಡೆಗೆ ಚಾಚಿ, ಆಂಪೊನ್ಸಾನ ಕೈಯೂ ಅದರ ಹಿಂದೆಯೇ, ಹಸಿರು, ಆ ಹಸಿರು, ಹಸಿರು